ಕೆಳಗಿನ ವೈಫೈ ಮಹಡಿ ಹತ್ತಬೇಕಾದರೆ

ಕೆಳಗೆ ಹಾಲ್‌ನಲ್ಲಿ ಕೂತರೆ ವೈಫೈ ಸರಾಗವಾಗಿ ಓಡುತ್ತದೆ. ಅದೇ ಫೋನ್ ಹಿಡಿದು ಮಹಡಿಗೆ ಹೋಗಿ ರೂಮಿನ ಬಾಗಿಲು ಹಾಕಿಕೊಂಡರೆ ವೀಡಿಯೊ ಕಾಲ್ ತಡವರಿಸುತ್ತದೆ, ಮಾತು ಅರ್ಧಕ್ಕೆ ತುಂಡಾಗುತ್ತದೆ. ಆಗ ನಾವು ಮಾಡುವ ಮೊದಲ ಕೆಲಸ ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿಸುವುದು. ಅದೂ ಆಗಲಿಲ್ಲ ಅಂದರೆ ಕಣ್ಣಿಗೆ ಬಿದ್ದ ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮತ್ತೆ ಹರಡುವ ಪೆಟ್ಟಿಗೆ) ಒಂದನ್ನು ತಂದು ಮೇಲಿನ ರೂಮಿನ ಪ್ಲಗ್‌ಗೆ ಚುಚ್ಚುವುದು. ನಾನೂ ಎರಡನ್ನೂ ಮಾಡಿದ್ದೇನೆ. ಎರಡರಿಂದಲೂ ಏನೂ ಆಗಲಿಲ್ಲ, ಯಾಕೆಂದರೆ ತೊಂದರೆ ಇದ್ದದ್ದು ಹೊರಗಿನಿಂದ ಬರುವ ಲೈನಿನಲ್ಲಿ ಅಲ್ಲ, ಎರಡು ಮಹಡಿಗಳ ಮಧ್ಯೆ ಇರುವ ಕಾಂಕ್ರೀಟ್ ಸ್ಲ್ಯಾಬ್‌ನಲ್ಲಿ.

ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸ್ಲ್ಯಾಬ್ ದಾಟಿಸುವ ಕೆಲಸವನ್ನು ಗಾಳಿಗೆ ಬಿಡಬೇಡಿ, ಕೇಬಲ್‌ಗೆ ಕೊಡಿ. ಒಂದೇ ಒಂದು ನೆಟ್‌ವರ್ಕ್ ಕೇಬಲ್ ಮೇಲೆ ಹೋದರೆ ಸಾಕು, ಉಳಿದದ್ದೆಲ್ಲ ಸುಲಭ. ಆದರೆ ಅದಕ್ಕೂ ಮೊದಲು ಕಾಸು ಖರ್ಚಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳಿವೆ. ಎಷ್ಟೋ ಮನೆಗಳಲ್ಲಿ ಅಷ್ಟರಲ್ಲೇ ಸಮಸ್ಯೆ ಮುಗಿಯುತ್ತದೆ.

ಹಂತ 1: ಲೈನ್ ಸರಿ ಇದೆಯಾ?

ಲ್ಯಾಪ್‌ಟಾಪ್ ಅನ್ನು ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಸಿಕ್ಕಿಸಿ, ವೈಫೈ ಆಫ್ ಮಾಡಿ, ಸ್ಪೀಡ್ ಟೆಸ್ಟ್ ಮಾಡಿ. ಪ್ಲಾನ್‌ನಲ್ಲಿ ಹೇಳಿದ ವೇಗದ ಹತ್ತಿರ ಬಂದರೆ ಲೈನ್ ಚೆನ್ನಾಗಿದೆ, ದೋಷ ಮನೆಯೊಳಗಿನದು. ಇಲ್ಲೇ ಕಡಿಮೆ ಬಂದರೆ ಮಾತ್ರ ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ. ಐದು ನಿಮಿಷದ ಕೆಲಸ, ಬಿಡಬೇಡಿ.

ಹಂತ 2: ಫೋನ್ ಹಿಡಿದು ಮೆಟ್ಟಿಲು ಹತ್ತಿ

ಫೋನಿನ ಮೂಲೆಯಲ್ಲಿ ಕಾಣುವ ವೈಫೈ ಗೆರೆಗಳನ್ನು ನಂಬಿ ಕೂರಬೇಡಿ. ಒಂದೊಂದು ಫೋನ್ ಒಂದೊಂದು ಲೆಕ್ಕದಲ್ಲಿ ಗೆರೆ ತೋರಿಸುತ್ತದೆ. ನಮಗೆ ಬೇಕಿರುವುದು ಸಿಗ್ನಲ್‌ನ ನಿಜವಾದ ಅಂಕಿ, ಅಂದರೆ ಡಿಬಿಎಂ. ಆಂಡ್ರಾಯ್ಡ್‌ನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆಪ್ ಹಾಕಿಕೊಂಡರೆ ಸಿಗುತ್ತದೆ. ಐಫೋನ್‌ನಲ್ಲಿ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಆಪ್ ಹಾಕಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ನ ವೈಫೈ ಸ್ಕ್ಯಾನರ್ ಆನ್ ಮಾಡಬೇಕು. ಮ್ಯಾಕ್ ಇದ್ದರೆ ಆಪ್ಷನ್ ಕೀ ಒತ್ತಿಕೊಂಡು ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಸಾಕು.

ಈ ಅಂಕಿ ಯಾವಾಗಲೂ ಮೈನಸ್‌ನಲ್ಲಿರುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ತುಂಬಾ ಚೆನ್ನಾಗಿದೆ. ಮೈನಸ್ 67ರ ತನಕ ವೀಡಿಯೊ ಕಾಲ್ ಆರಾಮಾಗಿ ನಡೆಯುತ್ತದೆ. ಮೈನಸ್ 75 ದಾಟಿದರೆ ಪರದಾಟ ಶುರು. ಮೈನಸ್ 80ರ ಆಚೆ ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ ಅಷ್ಟೇ, ಪೇಜ್ ತೆರೆಯುವುದೂ ಕಷ್ಟ. ಇನ್ನೊಂದು ವಿಷಯ ನೆನಪಿರಲಿ: ಅಂಕಿ 3 ಇಳಿದರೆ ಸಿಗ್ನಲ್‌ನ ಶಕ್ತಿ ಅರ್ಧ ಆಯಿತು ಅಂತ ಅರ್ಥ, 10 ಇಳಿದರೆ ಹತ್ತನೇ ಒಂದು ಭಾಗ. ಹಾಗಾಗಿ ಮೈನಸ್ 40ರಿಂದ ಮೈನಸ್ 70ಕ್ಕೆ ಬಂದರೆ ಉಳಿದದ್ದು ಸಾವಿರದಲ್ಲಿ ಒಂದು ಪಾಲು.

ನಾನು ಇದನ್ನು ಮೊದಲ ಸಲ ಮಾಡಿದಾಗ ಒಂದೊಂದು ಮೆಟ್ಟಿಲಿನ ಮೇಲೂ ನಿಂತು ನೋಡಿದೆ. ರೂಟರ್ ಪಕ್ಕದಲ್ಲಿ ಮೈನಸ್ 36. ಮೆಟ್ಟಿಲಿನ ಬುಡದಲ್ಲಿ 47. ಮೆಟ್ಟಿಲು ತಿರುಗುವ ಜಾಗದಲ್ಲಿ 54. ಮೇಲಿನ ಕೊನೆಯ ಮೆಟ್ಟಿಲಿನಲ್ಲಿ 61, ಅಲ್ಲಿಯವರೆಗೂ ಏನೂ ತೊಂದರೆ ಇರಲಿಲ್ಲ. ಅಲ್ಲಿಂದ ಎಡಕ್ಕೆ ತಿರುಗಿ ರೂಮಿನೊಳಗೆ ಎರಡು ಹೆಜ್ಜೆ ಇಟ್ಟೆ, ಒಮ್ಮೆಲೇ 72. ಬಾಗಿಲು ಹಾಕಿದೆ, 75. ಟೇಬಲ್ ಇರುವ ಮೂಲೆಗೆ ಹೋದೆ, 83. ನಾನು ದಿನಾ ಕೆಲಸ ಮಾಡುತ್ತಿದ್ದದ್ದು ಆ ಮೂಲೆಯಲ್ಲೇ. ಅವತ್ತು ನನಗೆ ಎರಡು ವಿಷಯ ಗೊತ್ತಾಯಿತು. ಒಂದು, ಸಿಗ್ನಲ್ ಮೇಲೆ ಬರುತ್ತಿದ್ದದ್ದು ಸ್ಲ್ಯಾಬ್ ತೂರಿಕೊಂಡು ಅಲ್ಲ, ಮೆಟ್ಟಿಲಿನ ಖಾಲಿ ಜಾಗದಿಂದ. ಎರಡು, ಕಾಂಕ್ರೀಟು, ಗೋಡೆ, ದೂರ ಮೂರೂ ಸೇರಿದ್ದು ಆ ಒಂದು ಮೂಲೆಯಲ್ಲಿ ಮಾತ್ರ.

ನೀವೂ ಹೀಗೇ ನಡೆದು ನೋಡಿ, ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಏನೇ ಬದಲಿಸಿದರೂ ಅದೇ ಜಾಗಗಳಲ್ಲಿ ಮತ್ತೆ ನೋಡಿ ಹೋಲಿಸಬೇಕು. ಇಲ್ಲದಿದ್ದರೆ 'ಈಗ ಸ್ವಲ್ಪ ಪರವಾಗಿಲ್ಲ ಅನ್ಸುತ್ತೆ' ಅನ್ನುವ ಅಂದಾಜಿನ ಮೇಲೇ ಉಳಿಯುತ್ತೀರಿ.

ಸ್ಲ್ಯಾಬ್ ಯಾಕೆ ಇಷ್ಟು ಕಾಡುತ್ತದೆ? ಅದರೊಳಗೆ ಕಬ್ಬಿಣದ ಸರಳುಗಳನ್ನು ಬಲೆಯ ಹಾಗೆ ಹೆಣೆದಿರುತ್ತಾರೆ. ಲೋಹ ಸಿಗ್ನಲ್ ಅನ್ನು ಹಿಂದಕ್ಕೆ ಪುಟಿಸುತ್ತದೆ, ಕಾಂಕ್ರೀಟು ಹೀರಿಕೊಳ್ಳುತ್ತದೆ. ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಅಲೆಗಳಲ್ಲಿ ಬರುತ್ತದೆ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಇಂಥ ಅಡ್ಡಿ ದಾಟುವುದರಲ್ಲಿ 2.4ಕ್ಕಿಂತ ಹಿಂದೆ. ಹೊಸ ರೂಟರ್‌ಗಳಲ್ಲಿ ಬರುವ 6 ಗಿಗಾಹರ್ಟ್ಸ್ ಇನ್ನೂ ಹಿಂದೆ. ಹಾಗಾಗಿ ರೂಟರ್ ಎಷ್ಟೇ ಹೊಸದಾಗಿದ್ದರೂ ಸ್ಲ್ಯಾಬ್ ಕೇಳುವುದಿಲ್ಲ. ಮರದ ನೆಲ ಇರುವ ಮನೆಯವರಿಗೆ ಈ ಕಷ್ಟ ಎಷ್ಟೋ ಕಡಿಮೆ.

ಹಂತ 3: ರೂಟರ್ ಎದ್ದು ಹೊರಗೆ ಬರಲಿ

ರೂಟರ್ ಎಲ್ಲಿದೆ ನೋಡಿ. ಟಿವಿ ಹಿಂದೆ? ಕಬೋರ್ಡ್ ಒಳಗೆ? ಲೈನ್ ಎಳೆಯಲು ಬಂದವರಿಗೆ ಸುಲಭ ಅನ್ನಿಸಿದ ಬಾಗಿಲ ಪಕ್ಕದ ಮೂಲೆಯಲ್ಲಿ? ಅದನ್ನು ಅಲ್ಲಿಂದ ತೆಗೆದು ಮೆಟ್ಟಿಲಿನ ಹತ್ತಿರ, ಎದೆ ಎತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇಡಿ. ಫ್ರಿಜ್, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಇವುಗಳಿಂದ ದೂರ ಇರಲಿ. ಮೈಕ್ರೋವೇವ್ ಓವನ್ ಕೂಡ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಅದರ ಪಕ್ಕ ಬೇಡವೇ ಬೇಡ.

ಫೈಬರ್ ಲೈನ್ ಇದ್ದರೆ ಆ ತೆಳ್ಳಗಿನ ದಾರವನ್ನು ನೀವೇ ಎಳೆದಾಡಬೇಡಿ, ಮಡಚಬೇಡಿ, ಒಳಗಿನ ಗಾಜಿನ ಎಳೆ ಮುರಿಯುತ್ತದೆ. ಫೈಬರ್ ಪೆಟ್ಟಿಗೆ ಇದ್ದಲ್ಲೇ ಇರಲಿ. ಅದರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್‌ನ) ಪೋರ್ಟ್‌ನಿಂದ ಮೆಟ್ಟಿಲಿನ ತನಕ ಒಂದು ಕೇಬಲ್ ತಂದು ಅಲ್ಲಿ ವೈಫೈ ರೂಟರ್ ಇಟ್ಟರಾಯಿತು. ಮೂರು ಮಹಡಿಯ ಮನೆಯಾದರೆ ರೂಟರ್ ನಡುವಿನ ಮಹಡಿಯಲ್ಲಿರಲಿ, ಆಗ ಮೇಲಕ್ಕೂ ಕೆಳಕ್ಕೂ ಒಂದೊಂದೇ ಸ್ಲ್ಯಾಬ್ ದಾಟಿದರೆ ಸಾಕು.

ಆ್ಯಂಟೆನಾ ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಕಡ್ಡಿಯಂಥ ಆ್ಯಂಟೆನಾದಿಂದ ಸಿಗ್ನಲ್ ಹೊರಡುವುದು ತುದಿಯಿಂದ ಅಲ್ಲ, ಪಕ್ಕಗಳಿಂದ. ಕಡ್ಡಿಗೆ ಸೈಕಲ್ ಟ್ಯೂಬ್ ಸುತ್ತಿದ ಹಾಗೆ ಅಂದುಕೊಳ್ಳಿ. ಆ್ಯಂಟೆನಾ ನೆಟ್ಟಗೆ ನಿಂತಿದ್ದರೆ ಸಿಗ್ನಲ್ ಅದೇ ಮಹಡಿಯಲ್ಲಿ ಸುತ್ತಲೂ ಹರಡುತ್ತದೆ, ನೆತ್ತಿಯ ಮೇಲೆ ಮಾತ್ರ ತೀರಾ ಕಡಿಮೆ. ಮೇಲಿನ ರೂಮಿಗೆ ಬೇಕು ಅಂತ ಎಲ್ಲ ಆ್ಯಂಟೆನಾಗಳನ್ನೂ ಸೂರಿನ ಕಡೆ ಚೂಪಾಗಿ ತೋರಿಸಿ ನಿಲ್ಲಿಸುತ್ತೇವಲ್ವಾ, ಅದು ಉಲ್ಟಾ ಕೆಲಸ. ಒಂದೆರಡನ್ನು ನೆಟ್ಟಗೆ ಬಿಟ್ಟು ಉಳಿದದ್ದನ್ನು ಅಡ್ಡಕ್ಕೆ ಮಲಗಿಸಿ. ಆ್ಯಂಟೆನಾ ಒಳಗೇ ಇರುವ ರೂಟರ್ ಆದರೆ ಪೆಟ್ಟಿಗೆಯನ್ನೇ ಒಮ್ಮೆ ನಿಲ್ಲಿಸಿ, ಒಮ್ಮೆ ಮಲಗಿಸಿ ಮೇಲೆ ಹೋಗಿ ಅಂಕಿ ನೋಡಿ. ನನಗೆ ಬರೀ ಜಾಗ ಬದಲಿಸಿ ಆ್ಯಂಟೆನಾ ಮಲಗಿಸಿದ್ದಕ್ಕೇ ಆ ಮೂಲೆಯಲ್ಲಿ 83 ಇದ್ದದ್ದು 76ಕ್ಕೆ ಬಂತು. ಸಾಲಲಿಲ್ಲ ನಿಜ, ಆದರೆ ಒಂದು ಪೈಸೆಯೂ ಖರ್ಚಾಗದೆ ಶಕ್ತಿ ಐದು ಪಟ್ಟು ಏರಿತ್ತು.

ಹಂತ 4: ರೂಟರ್ ಸೆಟ್ಟಿಂಗ್ಸ್‌ನಲ್ಲಿ ಎರಡು ನಿಮಿಷ

ಒಂದೊಂದು ಬ್ಯಾಂಡನ್ನೂ ಚಾನೆಲ್ ಅನ್ನುವ ಸಣ್ಣ ಪಾಲುಗಳಾಗಿ ಹಂಚಿರುತ್ತಾರೆ. 2.4 ಗಿಗಾಹರ್ಟ್ಸ್‌ಗೆ ಚಾನೆಲ್ 1, 6 ಅಥವಾ 11 ಇವುಗಳಲ್ಲಿ ಒಂದನ್ನೇ ಆರಿಸಿ. ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ಸುಮ್ನೆ 3 ಅಥವಾ 9 ಇಟ್ಟರೆ ಎರಡೂ ಕಡೆಯವರ ಗದ್ದಲ ನಿಮಗೆ ಬರುತ್ತದೆ. ಅನಲೈಸರ್ ಆಪ್‌ನಲ್ಲಿ ಅಕ್ಕಪಕ್ಕದವರು ಯಾವ ಚಾನೆಲ್‌ನಲ್ಲಿದ್ದಾರೆ ಅಂತ ಕಾಣುತ್ತದೆ, ಜನ ಕಡಿಮೆ ಇರುವುದನ್ನು ತೆಗೆದುಕೊಳ್ಳಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. ಮೇಲೆ ಬರೀ ಮೆಸೇಜು, ಮೇಲ್, ಓದುವ ಕೆಲಸ ಇದ್ದರೆ 2.4ರಲ್ಲೇ ಕಾಲ ಕಳೆಯಬಹುದು.

ಇಷ್ಟಾದ ಮೇಲೂ ಕೂರುವ ಜಾಗದಲ್ಲಿ ಮೈನಸ್ 70ಕ್ಕಿಂತ ಕೆಳಗೇ ಇದ್ದರೆ ಈಗ ಖರ್ಚಿನ ಯೋಚನೆ ಮಾಡಬಹುದು.

ಹಂತ 5: ಕೇಬಲ್ ಎಳೆಯುವುದು

ಇದೇ ಮುಖ್ಯವಾದ ಕೆಲಸ, ಇದಕ್ಕೇ ಜನ ಜಾಸ್ತಿ ಹೆದರುವುದು. ಗೋಡೆ ಒಡೆಯಬೇಕು ಅಂದುಕೊಳ್ಳುತ್ತಾರೆ. ಒಡೆಯಬೇಕಿಲ್ಲ. ಟಿವಿ ಕೇಬಲ್ ಅಥವಾ ಹಳೆಯ ಟೆಲಿಫೋನ್ ವಯರ್ ಹೋಗಿರುವ ಪೈಪ್ ಇದೆಯಾ ನೋಡಿ. ಹಳೆಯ ವಯರ್ ಈಗ ಉಪಯೋಗದಲ್ಲಿ ಇಲ್ಲದಿದ್ದರೆ ಅದರ ತುದಿಗೆ ಹೊಸ ಕೇಬಲ್ ಕಟ್ಟಿ, ಟೇಪ್ ನುಣ್ಣಗೆ ಸುತ್ತಿ, ಒಬ್ಬರು ಮೇಲಿನಿಂದ ಎಳೆಯುತ್ತಾ ಇನ್ನೊಬ್ಬರು ಕೆಳಗಿನಿಂದ ತಳ್ಳುತ್ತಾ ಹೋದರೆ ಬರುತ್ತದೆ. ಪೈಪ್ ಇಲ್ಲದಿದ್ದರೆ ಮೆಟ್ಟಿಲಿನ ಗೋಡೆಯ ಅಂಚಿನಲ್ಲಿ ಸಣ್ಣ ಕೇಸಿಂಗ್ ಪಟ್ಟಿ ಹಾಕಿ. ಅದೂ ಬೇಡ ಅಂದರೆ ಕಿಟಕಿ ಪಕ್ಕ ಒಂದು ತೂತು ಕೊರೆದು ಹೊರಗೋಡೆಯ ಮೇಲಿಂದ. ಹೊರಗೆ ಹೋಗುವ ಕೇಬಲ್ ಬಿಸಿಲು ಮಳೆ ತಡೆಯುವಂಥದ್ದೇ ಆಗಿರಬೇಕು. ತೂತನ್ನು ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಕೊರೆಯಿರಿ, ಕೇಬಲ್ ಒಳಗೆ ಹೋಗುವ ಮುಂಚೆ ಕೆಳಗೆ ಒಂದು ಬಳುಕು ಬಿಡಿ. ಮಳೆನೀರು ಕೇಬಲ್ ಹಿಡಿದುಕೊಂಡು ಒಳಗೆ ಬರದೆ ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹೊರಗಡೆಯಿಂದ ಹೋದ ಕೇಬಲ್‌ಗೆ ಗುಡುಗು ಮಿಂಚಿನ ಭಯವೂ ಇದೆ, ಜೋರು ಸಿಡಿಲು ಶುರುವಾಗುವ ಮುಂಚೆಯೇ ಎರಡೂ ತುದಿ ಕಿತ್ತಿಡುವುದು ಒಳ್ಳೆಯದು.

ಕರೆಂಟ್ ವಯರ್ ಇರುವ ಪೈಪಿನೊಳಗೆ ಮಾತ್ರ ನೆಟ್‌ವರ್ಕ್ ಕೇಬಲ್ ತೂರಿಸಬೇಡಿ. ಸಿಗ್ನಲ್ ಕೆಡುವುದು ಆಮೇಲಿನ ಮಾತು, ಮೊದಲು ಅದು ಪ್ರಾಣಕ್ಕೆ ಅಪಾಯ.

ಯಾವ ಕೇಬಲ್? ಕ್ಯಾಟ್ 6 ತನ್ನಿ. ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ 1 ಗಿಗಾಬಿಟ್ ಒಯ್ಯುತ್ತದೆ, ಮನೆಯೊಳಗೆ ಅಷ್ಟು ದೂರ ಎಲ್ಲಿ ಬರುತ್ತದೆ? ಆದರೂ ಒಮ್ಮೆ ಎಳೆದ ಕೇಬಲ್ ವರ್ಷಗಟ್ಟಲೆ ಗೋಡೆಯಲ್ಲಿರುವಂಥದ್ದು, ಹಾಗಾಗಿ ಒಳ್ಳೆಯದನ್ನೇ ಹಾಕಿಬಿಡಿ. ತಂತಿ ಪೂರ್ತಿ ತಾಮ್ರದ್ದು ಅಂತ ಬರೆದಿರಬೇಕು. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್‌ಗಳೂ ಸಿಗುತ್ತವೆ, ಅವು ಬಾಗಿಸಿದಾಗ ಬೇಗ ಮುರಿಯುತ್ತವೆ, ಅವನ್ನು ಮುಟ್ಟಬೇಡಿ. ಸಾಧ್ಯವಾದರೆ ಒಂದರ ಜೊತೆ ಇನ್ನೊಂದು ಕೇಬಲ್ ಕೂಡ ಈಗಲೇ ಎಳೆದಿಡಿ, ಶ್ರಮ ಇರುವುದು ಎಳೆಯುವುದರಲ್ಲಿ.

ರೆಡಿಮೇಡ್ ಕೇಬಲ್‌ನ ತಲೆ ದಪ್ಪ, ಪೈಪಿನಲ್ಲಿ ತೂರುವುದಿಲ್ಲ. ಅದಕ್ಕೆ ತಲೆಯಿಲ್ಲದ ಕೇಬಲ್ ಎಳೆದು ಆಮೇಲೆ ಕನೆಕ್ಟರ್ ಒತ್ತಬೇಕು. ಬಣ್ಣದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರ್‌ನ ಹಲ್ಲುಗಳು ನಿಮ್ಮ ಕಡೆ, ಚಿಕ್ಕ ಕೊಕ್ಕೆ ಆ ಕಡೆ, ವಯರ್ ಒಳಹೋಗುವ ತೂತು ಕೆಳಗೆ. ಈಗ ಎಡದಿಂದ ಬಲಕ್ಕೆ ಈ ಕ್ರಮ. ಎರಡೂ ತುದಿಯಲ್ಲಿ ಒಂದೇ ಕ್ರಮ ಇರಬೇಕು. ಎಂಟೂ ಎಳೆಗಳನ್ನು ಬೆರಳಲ್ಲಿ ನೇರ ಮಾಡಿ, ತುದಿ ಸಮವಾಗಿ ಕತ್ತರಿಸಿ, ಕನೆಕ್ಟರ್‌ನ ತುದಿ ಮುಟ್ಟುವ ತನಕ ತಳ್ಳಿ. ಮುಂದಿನಿಂದ ನೋಡಿದರೆ ಎಂಟು ತಾಮ್ರದ ಚುಕ್ಕೆ ಹೊಳೆಯಬೇಕು. ಹೊರಗಿನ ಸಿಪ್ಪೆಯೂ ಕನೆಕ್ಟರ್‌ನೊಳಗೆ ಸ್ವಲ್ಪ ಹೋಗಿರಲಿ, ಇಲ್ಲದಿದ್ದರೆ ಎಳೆದಾಗ ಕಳಚುತ್ತದೆ. ಆಮೇಲೆ ಕ್ರಿಂಪಿಂಗ್ ಇಕ್ಕಳದಲ್ಲಿ ಗಟ್ಟಿಯಾಗಿ ಒತ್ತಿ.

ಟೆಸ್ಟರ್ ಹಾಕಿ ನೋಡುವುದನ್ನು ಬಿಡಲೇಬೇಡಿ. ನಾನು ಒತ್ತಿದ ಮೊದಲ ಕೇಬಲ್‌ನಲ್ಲಿ ಇಂಟರ್ನೆಟ್ ಬಂತು, ಖುಷಿಯಾಗಿ ಬಿಟ್ಟುಬಿಟ್ಟೆ. ವಾರಗಳ ನಂತರ ನೋಡಿದರೆ ವೇಗ ಯಾವಾಗಲೂ 90 ಮೆಗಾಬಿಟ್ ಹತ್ತಿರವೇ ನಿಲ್ಲುತ್ತಿತ್ತು. ಟೆಸ್ಟರ್ ಇಟ್ಟೆ. ದೀಪ ಒಂದೊಂದಾಗಿ ಹತ್ತುತ್ತಾ ಆರರ ತನಕ ಬಂತು, ಏಳು ಹತ್ತಲಿಲ್ಲ, ಎಂಟು ಹತ್ತಿತು. ಬಿಳಿ-ಕಂದು ಎಳೆ ಹಲ್ಲಿಗೆ ಸಿಕ್ಕಿರಲಿಲ್ಲ. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು, 100 ಮೆಗಾಬಿಟ್‌ಗೆ 1, 2, 3, 6 ಈ ನಾಲ್ಕೇ ಸಾಕು. ಹಾಗಾಗಿ ಉಳಿದ ನಾಲ್ಕರಲ್ಲಿ ಒಂದು ಎಳೆ ಹೋದರೂ ಇಂಟರ್ನೆಟ್ ನಿಲ್ಲದೆ ನಿಧಾನವಾಗಿ ನಡೆಯುತ್ತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿದೆ, ಸರಿಹೋಯಿತು.

ಹಂತ 6: ಮೇಲಿನ ತುದಿಗೆ ಆ್ಯಕ್ಸೆಸ್ ಪಾಯಿಂಟ್

ಆ್ಯಕ್ಸೆಸ್ ಪಾಯಿಂಟ್ ಅಂದರೆ ಕೇಬಲ್‌ನಲ್ಲಿ ಬಂದ ಇಂಟರ್ನೆಟ್ ಅನ್ನು ವೈಫೈ ಆಗಿ ಹರಡುವ ಪೆಟ್ಟಿಗೆ. ಹೊಸದನ್ನು ತರಬಹುದು. ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ರೂಟರ್ ಇದ್ದರೆ ಅದೂ ಆಗುತ್ತದೆ, ಅದರ ಪೋರ್ಟ್ ಗಿಗಾಬಿಟ್‌ನದ್ದಾ 100ರದ್ದಾ ಅಂತ ಮಾತ್ರ ನೋಡಿಕೊಳ್ಳಿ.

ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಅಂತ ಇದ್ದರೆ ಅದನ್ನು ಆರಿಸಿ, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಕೈಯಿಂದ ಮಾಡಬೇಕು, ಈ ಕ್ರಮ ತಪ್ಪಿಸಬೇಡಿ. ಹಳೆಯ ರೂಟರ್ ಅನ್ನು ರೀಸೆಟ್ ಮಾಡಿ, ಮನೆಯ ನೆಟ್‌ವರ್ಕ್‌ಗೆ ಇನ್ನೂ ಸಿಕ್ಕಿಸದೆ, ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಹೆಸರು, ಪಾಸ್‌ವರ್ಡ್ ಹಾಕಿ. ಆಮೇಲೆ ಅದರ ಲ್ಯಾನ್ ವಿಳಾಸ ಬದಲಿಸಿ: ಕೆಳಗಿನ ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಮುಖ್ಯ ರೂಟರ್ ಫೋನು, ಲ್ಯಾಪ್‌ಟಾಪ್‌ಗಳಿಗೆ ಹಂಚುವ ವಿಳಾಸಗಳ ಸಾಲಿನಲ್ಲಿ ಈ ವಿಳಾಸ ಇರಬಾರದು. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಕೊನೆಗೆ ಡಿಎಚ್‌ಸಿಪಿ (ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪ್‌ಗೆ ವಿಳಾಸ ಸಿಗದೆ ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಈಗ ಕೆಳಗಿನಿಂದ ಬಂದ ಕೇಬಲ್ ಅನ್ನು ಇದರ ಲ್ಯಾನ್ ಪೋರ್ಟ್‌ಗೇ ಹಾಕಿ, ವ್ಯಾನ್ (ಹೊರಗಿನ ಇಂಟರ್ನೆಟ್ ಲೈನಿನ) ಪೋರ್ಟ್ ಖಾಲಿ ಇರಲಿ.

ವ್ಯಾನ್‌ಗೆ ಹಾಕಿದರೂ ಇಂಟರ್ನೆಟ್ ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ. ಆದರೆ ಮೇಲೆ ಬೇರೆಯೇ ಒಂದು ನೆಟ್‌ವರ್ಕ್ ಹುಟ್ಟಿಕೊಳ್ಳುತ್ತದೆ. ಮೇಲಿರುವ ಪ್ರಿಂಟರ್ ಕೆಳಗಿನ ಫೋನಿಗೆ ಕಾಣುವುದಿಲ್ಲ, ಮೇಲಿನ ಫೋನಿನಿಂದ ಕೆಳಗಿನ ಟಿವಿಗೆ ವೀಡಿಯೊ ಹಾಕಲು ಆಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಎರಡು ಕೇಬಲ್ ಎಳೆದಿದ್ದೇನೆ ಅಂತ ಎರಡನ್ನೂ ಅದೇ ಎರಡು ಪೆಟ್ಟಿಗೆಗಳ ಮಧ್ಯೆ ಸಿಕ್ಕಿಸಬೇಡಿ, ಡೇಟಾ ಸುತ್ತು ಹೊಡೆದು ಇಡೀ ನೆಟ್‌ವರ್ಕ್ ನಿಂತುಹೋಗುತ್ತದೆ.

ಹಂತ 7: ಮೇಲೆ ಕೆಳಗೆ ಓಡಾಡುವಾಗ

ಎರಡೂ ಕಡೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ರೀತಿಯ ಭದ್ರತೆ ಇಡಿ. ಕೆಳಗೆ ಡಬ್ಲ್ಯುಪಿಎ2 ಅನ್ನುವ ಭದ್ರತೆ ಇದ್ದರೆ ಮೇಲೂ ಅದೇ. ಚಾನೆಲ್ ಮಾತ್ರ ಬೇರೆ ಬೇರೆ, ಕೆಳಗೆ 1 ಇದ್ದರೆ ಮೇಲೆ 6 ಅಥವಾ 11.

ಆದರೂ ಕೆಲವು ಫೋನ್‌ಗಳು ಮೇಲೆ ಬಂದ ಮೇಲೂ ಕೆಳಗಿನ ರೂಟರ್‌ನ ಕೈ ಬಿಡುವುದಿಲ್ಲ. ಯಾವುದಕ್ಕೆ ಸೇರಬೇಕು ಅಂತ ತೀರ್ಮಾನ ಮಾಡುವುದು ಫೋನು, ರೂಟರ್ ಅಲ್ಲ. ಐಫೋನ್ ಮೈನಸ್ 70ಕ್ಕೆ ಇಳಿಯುವ ತನಕ ಬೇರೆಯದನ್ನು ಹುಡುಕುವುದೇ ಇಲ್ಲ ಅಂತ ಆ್ಯಪಲ್ ತಾನೇ ಹೇಳಿದೆ. ಅದಕ್ಕೆ ಮದ್ದು ಕೇಳಿದರೆ ವಿಚಿತ್ರ ಅನ್ನಿಸಬಹುದು: ಎರಡೂ ಕಡೆ ಸಿಗ್ನಲ್ ಪವರ್ ಕಡಿಮೆ ಮಾಡಿ. ಟ್ರಾನ್ಸ್‌ಮಿಟ್ ಪವರ್ ಅನ್ನುವುದನ್ನು ಮಧ್ಯಮಕ್ಕೆ ಇಳಿಸಿದರೆ ಕೆಳಗಿನದು ಬೇಗ ಕ್ಷೀಣವಾಗಿ ಫೋನ್ ತಾನಾಗಿ ಮೇಲಿನದನ್ನು ಹಿಡಿಯುತ್ತದೆ.

ಕೇಬಲ್ ಸಾಧ್ಯವೇ ಇಲ್ಲ ಅಂದರೆ

ಬಾಡಿಗೆ ಮನೆ, ತೂತು ಕೊರೆಯುವಂತಿಲ್ಲ. ಸರಿ. ಆಗ ಮೆಶ್ ತೆಗೆದುಕೊಳ್ಳಿ, ಅಂದರೆ ಕೇಬಲ್ ಇಲ್ಲದೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದೇ ವೈಫೈ ಹರಡುವ ಪೆಟ್ಟಿಗೆಗಳ ಸೆಟ್. ಮೂರು ಬ್ಯಾಂಡ್ ಇರುವುದಾದರೆ ಒಂದು ಬ್ಯಾಂಡನ್ನು ಪೆಟ್ಟಿಗೆಗಳ ನಡುವಿನ ಮಾತಿಗೇ ಬಿಟ್ಟಿರುವ ಮಾದರಿಗಳಿವೆ, ಅವು ವಾಸಿ. ಸಾಮಾನ್ಯ ರಿಪೀಟರ್ ಕೇಳಿಸಿಕೊಂಡದ್ದನ್ನೇ ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ.

ಮೆಶ್ ಆಗಲಿ ರಿಪೀಟರ್ ಆಗಲಿ, ಇಡುವ ಜಾಗದಲ್ಲೇ ಎಲ್ಲ ಇದೆ. ಸಿಗ್ನಲ್ ಇಲ್ಲದ ರೂಮಿನಲ್ಲಿ ಇಡಬೇಡಿ, ಅದಕ್ಕೇ ಏನೂ ಕೇಳಿಸದಿದ್ದರೆ ನಿಮಗೆ ಏನು ಕೊಡುತ್ತದೆ? ನಾನು ಮೊದಲು ಮಾಡಿದ್ದು ಇದನ್ನೇ. ಹಂತ 2ರಲ್ಲಿ ಬರೆದಿಟ್ಟ ಚೀಟಿ ತೆಗೆಯಿರಿ. ಮೈನಸ್ 60ರಿಂದ 65 ಬಂದ ಜಾಗ ಯಾವುದು? ನನ್ನ ಮನೆಯಲ್ಲಿ ಅದು ಮೇಲಿನ ಕೊನೆಯ ಮೆಟ್ಟಿಲು. ಪೆಟ್ಟಿಗೆ ಅಲ್ಲಿಗೆ. ಎರಡು ಪೆಟ್ಟಿಗೆ ಬೇಕಾದರೆ ಒಂದರ ಹಿಂದೆ ಒಂದು ಸಾಲಾಗಿ ಬೇಡ, ಎರಡೂ ನೇರವಾಗಿ ಮುಖ್ಯ ರೂಟರ್‌ಗೆ ಕಾಣುವ ಹಾಗಿರಲಿ.

ಕರೆಂಟ್ ವಯರಿಂಗ್ ಮೂಲಕವೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್‌ಗಳೂ ಇವೆ. ಎರಡೂ ಪ್ಲಗ್ ಒಂದೇ ಮೀಟರ್‌ಗೆ, ಒಂದೇ ಫೇಸ್‌ಗೆ ಸೇರಿದ್ದರೆ ಪರವಾಗಿಲ್ಲ. ಮೂರು ಫೇಸ್ ಇರುವ ಮನೆಯಲ್ಲಿ ಮೇಲಿನ ಮಹಡಿ ಬೇರೆ ಫೇಸ್‌ನಲ್ಲಿದ್ದರೆ ಕೈ ಕೊಡುವ ಸಾಧ್ಯತೆ ಜಾಸ್ತಿ. ಹಾಕುವುದಾದರೆ ಗೋಡೆಯ ಪ್ಲಗ್‌ಗೇ ನೇರವಾಗಿ ಹಾಕಿ, ಯುಪಿಎಸ್, ಸರ್ಜ್ ಪ್ರೊಟೆಕ್ಟರ್ ಮೂಲಕ ಬೇಡ. ಕೆಲಸ ಮಾಡದಿದ್ದರೆ ವಾಪಸ್ ತೆಗೆದುಕೊಳ್ಳುವವರಿಂದಲೇ ಕೊಳ್ಳಿ.

ಎಲ್ಲ ಮುಗಿದ ಮೇಲೆ ಚೀಟಿ ಹಿಡಿದು ಇನ್ನೊಂದು ಸುತ್ತು ಹೋಗಿ, ಹಳೆಯ ಅಂಕಿಯ ಪಕ್ಕ ಹೊಸದನ್ನು ಬರೆಯಿರಿ. ಬಾಗಿಲು ಹಾಕಿ ಕೂಡ ನೋಡಿ. ನನ್ನ ಟೇಬಲ್ ಇರುವ ಮೂಲೆಯಲ್ಲಿ ಈಗ ಮೈನಸ್ 44 ಇದೆ. ಆಮೇಲೆ ಕೇಬಲ್‌ನ ಎರಡೂ ತುದಿಗೆ ಟೇಪ್ ಸುತ್ತಿ 'ಮೇಲಿನ ರೂಮು', 'ಮೆಟ್ಟಿಲ ರೂಟರ್' ಅಂತ ಬರೆದುಬಿಡಿ, ಮೇಲಿನ ಪೆಟ್ಟಿಗೆಯ ವಿಳಾಸವನ್ನೂ ಅದರ ಬೆನ್ನಿಗೇ ಅಂಟಿಸಿಡಿ. ಎರಡು ವರ್ಷ ಬಿಟ್ಟು ಏನಾದರೂ ಬದಲಿಸಬೇಕಾದಾಗ ಆ ವಿಳಾಸ ಯಾರಿಗೂ ನೆನಪಿರುವುದಿಲ್ಲ.